ಹುನಗುಂದದಲ್ಲಿ ಬರೆದ ಕೆರೂರಿನ ಮುಖ

ಕಣ್ಣು ಸುಳ್ಳು ಹೇಳುತ್ತದೆ ಎಂಬುದು ನನ್ನ ಕಸುಬಿನಲ್ಲಿ ಮೊದಲು ಕಲಿಯುವ ಪಾಠ. ಹಾಗಾಗಿ ಯಾರಾದರೂ ಬಂದು ಅಲ್ಲೇನೋ ಕಂಡೆ, ಇಲ್ಲೇನೋ ಕೇಳಿದೆ ಎಂದರೆ ನಾನು ಒಳಗೊಳಗೇ ನಗುತ್ತಿದ್ದೆ. ಬೇಲಿಯ ಮೇಲೆ ಒಣಗಲು ಹಾಕಿದ ಮಾಸಲು ಧೋತರವನ್ನು ಬೆಳದಿಂಗಳಲ್ಲಿ ನೋಡಿ ಜ್ವರ ಬಂದು ಮಲಗಿದ್ದ ಸಹೋದ್ಯೋಗಿಯೊಬ್ಬರಿಗೆ, ಬೂದು ಬಣ್ಣ ಕಪ್ಪಿನ ಪಕ್ಕದಲ್ಲಿದ್ದರೆ ಬೆಳ್ಳಗೆ ಹೊಳೆಯುತ್ತದೆ ಎಂದು ಸೀಮೆಸುಣ್ಣ ಹಿಡಿದು ತೋರಿಸಿಕೊಟ್ಟವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈಗ ನಾನು ಬರೆಯಲಿರುವುದನ್ನು ಬೇರೆ ಯಾರಾದರೂ ನನ್ನ ಮುಂದೆ ಹೇಳಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾದ ಕಾಲ. ನಾನು ಇಳಕಲ್ಲಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ರಜೆಯ ದಿನಗಳಲ್ಲಿ ಸುತ್ತಲ ಊರುಗಳ ಅನುಕೂಲಸ್ಥರ ಮನೆಗಳಿಗೆ ಹೋಗಿ ಭಾವಚಿತ್ರ ಬರೆದುಕೊಡುತ್ತಿದ್ದೆ. ಎದುರಿಗೆ ಮನುಷ್ಯನನ್ನು ಕೂಡಿಸಿಕೊಂಡು ಎಣ್ಣೆಬಣ್ಣದಲ್ಲಿ ಬರೆಯುವುದು. ನನ್ನ ಹತ್ತಿರ ನಾಲ್ಕೇ ಬಣ್ಣ ಇರುತ್ತಿದ್ದವು: ಬಿಳಿ, ಮಣ್ಣುಹಳದಿ, ಸಿಂಧೂರದ ಕೆಂಪು, ಕಪ್ಪು. ನೀಲಿಯಿಲ್ಲ, ಹಸಿರಿಲ್ಲ. ಇದು ನನಗೆ ಕಲಿಸಿದ ಗುರುಗಳ ಪದ್ಧತಿ. ಮುಖ ಬರೆಯಲು ನಾಲ್ಕಕ್ಕಿಂತ ಹೆಚ್ಚು ಬಣ್ಣ ಬೇಕು ಎನ್ನುವವನಿಗೆ ಮುಖ ನೋಡಲು ಬರುವುದಿಲ್ಲ ಎನ್ನುತ್ತಿದ್ದರು ಅವರು. ಒಮ್ಮೆ ನಮ್ಮನ್ನೆಲ್ಲ ಬಾದಾಮಿಗೆ ಕರೆದುಕೊಂಡು ಹೋಗಿ, ಕೆರೆಯ ದಂಡೆಯ ಮೇಲೆ ಆ ಕೆಂಪು ಬಂಡೆಗಳ ಎದುರಿಗೆ ಕೂಡಿಸಿ, ನಾಲ್ಕೇ ಬಣ್ಣದಲ್ಲಿ ಆಕಾಶ ಸಮೇತ ಬರೆಯಿರಿ ಎಂದಿದ್ದರು. ಬರೀ ಕಪ್ಪು ಬಿಳಿ ಕಲಸಿ ಮಾಡಿದ ಬೂದು ಬಣ್ಣವನ್ನು ಆ ಕೆಂಪು ಬಂಡೆಯ ಪಕ್ಕ ಇಟ್ಟ ಕೂಡಲೇ ಅದು ತಿಳಿ ನೀಲಿಯಾಗಿ ಕಂಡಿತು. ಕಪ್ಪಿಗೆ ಹಳದಿ ಸೇರಿಸಿದರೆ ಬೇವಿನೆಲೆಯ ಹಸಿರೂ ಬಂತು. ಕಣ್ಣನ್ನು ಮೋಸ ಮಾಡುವುದು ಇಷ್ಟು ಸುಲಭ ಎಂದು ತಿಳಿದ ಮೇಲೆ ದೆವ್ವ ಪಿಶಾಚಿಗಳ ಮೇಲೆ ನನಗೆ ಉಳಿದಿದ್ದ ಅಷ್ಟಿಷ್ಟು ಭಯವೂ ಹೊರಟುಹೋಯಿತು.

ಹುನಗುಂದದಲ್ಲಿ ರೇವಣಪ್ಪ ಎಂಬ ಕಂಬಳಿ ವ್ಯಾಪಾರಿಗಳಿದ್ದರು. ಅರವತ್ತರ ಹತ್ತಿರದ ವಯಸ್ಸು, ಬಿಗಿದ ತುಟಿ, ತಲೆಗೆ ಬಿಳಿ ರುಮಾಲು. ದೊಡ್ಡ ಅಂಗಡಿ, ಅಂಗಡಿಯ ಮೇಲೆ ಮನೆ. ಅವರ ಮಗ ಹೊಸ ಅಂಗಡಿ ತೆರೆಯುವವನಿದ್ದ. ಅದರಲ್ಲಿ ತೂಗುಹಾಕಲು ಅಪ್ಪನ ಭಾವಚಿತ್ರ ಬೇಕೆಂದು ನನ್ನನ್ನು ಕರೆಸಿದ. ಭಾನುವಾರ ಮಧ್ಯಾಹ್ನಗಳಲ್ಲಿ ಬಂದು ಬರೆಯುವುದೆಂದು ಮಾತಾಯಿತು.

ರೇವಣಪ್ಪನವರು ನಗುವವರಲ್ಲ. ಸಿಟ್ಟಿನ ಮನುಷ್ಯರೂ ಅಲ್ಲ. ಗಿರಾಕಿಗಳ ಜೊತೆ ಸಮಾಧಾನದಿಂದಲೇ ಮಾತಾಡುತ್ತಿದ್ದರು. ಆದರೆ ಆ ಮುಖಕ್ಕೆ ನಗು ಎಂಬುದು ಪರಿಚಯವಿಲ್ಲದ ನೆಂಟನಿದ್ದ ಹಾಗೆ. ಅವರ ಹೆಂಡತಿ ಲಕ್ಕವ್ವ ಇದಕ್ಕೆ ತದ್ವಿರುದ್ಧ. ಆಕೆ ಒಂದು ಬಶಿ ಚುರಮುರಿ ತಂದಿಟ್ಟರೂ ಅದರ ಜೊತೆಗೆ ಎರಡು ನಗೆಮಾತು ತಂದೇ ತರುತ್ತಿದ್ದಳು.

ಮೊದಲ ಭಾನುವಾರ ನಾನು ಮೇಲಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕ್ಯಾನ್ವಾಸು ನಿಲ್ಲಿಸಿ ಬಣ್ಣ ಹಿಂಡಿಕೊಳ್ಳುತ್ತಿದ್ದಾಗ ಲಕ್ಕವ್ವ ದೇವರ ಜಗಲಿಯಿಂದ ಮನೆದೇವರು ಬೀರಪ್ಪನ ಭಂಡಾರ, ಅಂದರೆ ಪ್ರಸಾದದ ಅರಿಷಿಣಪುಡಿ, ತಂದಳು. ಗಂಡನ ಹಣೆಗೆ ಹಚ್ಚಿದಳು, ನನ್ನ ಹಣೆಗೆ ಹಚ್ಚಿದಳು. ಕೈಯಲ್ಲಿ ಉಳಿದ ಚಿಟಿಕೆಯನ್ನು ಎಲ್ಲಿ ಹಾಕುವುದೆಂದು ನೋಡಿ, ನನ್ನ ಬಣ್ಣದ ಹಲಗೆಯ ಮೇಲೆ ಉದುರಿಸಿದಳು.

"ಹಳದಿ ಭಾಳ ಕಡಿಮಿ ಇಟಕೊಂಡೀರಿ ಮಾಸ್ತರ, ಇರಲಿ" ಎಂದಳು.

ಆಕೆಯ ಮನಸ್ಸು ನೋಯಿಸಬಾರದೆಂದು ನಾನೂ ಅದನ್ನು ಮಣ್ಣುಹಳದಿಯಲ್ಲಿ ಕಲಸಿಕೊಂಡೆ.

ರೇವಣಪ್ಪನವರು ಕುರ್ಚಿಯಲ್ಲಿ, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕೂತರು. ಅಂಗಡಿಯಲ್ಲಿ ಯಾರದಾದರೂ ದನಿ ಕೇಳಿದರೆ ಸಾಕು, ಕತ್ತು ಬಾಗಿಲ ಕಡೆ ತಿರುಗುತ್ತಿತ್ತು. "ಸಾವಕಾರ್ರ, ತಲಿ ಅಲಗಾಡಸಬ್ಯಾಡ್ರಿ, ಗದ್ದ ಸ್ವಲ್ಪ ಎಡಕ್ಕ ತಗೋರಿ, ಇನ್ನ ಸ್ವಲ್ಪ ಕುಂದರ್ರಿ" ಎಂದು ನಾನು ಮತ್ತೆ ಮತ್ತೆ ಹೇಳಬೇಕಾಯಿತು. ಅಂದು ಮುಖದ ಆಕಾರ, ಕಣ್ಣು ಮೂಗಿನ ಜಾಗ, ನೆರಳು ಬೆಳಕು ಇಷ್ಟನ್ನು ಗುರುತು ಮಾಡಿಕೊಂಡು ಬಂದೆ. ಮುಗಿಯುವವರೆಗೆ ಯಾರೂ ನೋಡಕೂಡದು ಎಂಬುದು ನನ್ನ ಕರಾರು. ಕ್ಯಾನ್ವಾಸಿಗೆ ತಾಕದ ಹಾಗೆ ಬಟ್ಟೆ ಇಳಿಬಿಟ್ಟು ಗೋಡೆಯ ಕಡೆ ತಿರುಗಿಸಿ ಇಟ್ಟೆ.

ಎರಡನೆಯ ಭಾನುವಾರ ಕಷ್ಟ ಶುರುವಾಯಿತು. ರೇವಣಪ್ಪನವರದು ನೆರಳಿನಲ್ಲಿ ಕೂತು ಬಾಳಿದ ಮೈಬಣ್ಣ, ಗೋದಿಯ ಹಾಗೆ. ಹಳದಿಗೆ ಬಿಳಿ, ಅದಕ್ಕೆ ಸ್ವಲ್ಪವೇ ಕೆಂಪು, ತೀರಾ ಎಳ್ಳಿನಷ್ಟು ಕಪ್ಪು ಸೇರಿಸಿದರೆ ಸಿಗುವ ಬಣ್ಣ ಅದು. ಹಲಗೆಯ ಮೇಲೆ ಸರಿಯಾಗಿಯೇ ಕಲಸಿಕೊಂಡೆ. ಕ್ಯಾನ್ವಾಸಿನ ಮೇಲೆ ಹತ್ತಿಪ್ಪತ್ತು ಸಲ ಕುಂಚ ಆಡಿಸಿ ಹಿಂದೆ ಸರಿದು ನೋಡಿದರೆ ಬಿಸಿಲಿನಲ್ಲಿ ಸುಟ್ಟ ಕೆಂಗಪ್ಪು ಮುಖ! ಕೆರೆದು ತೆಗೆದೆ, ಮತ್ತೆ ಕಲಸಿದೆ. ಮತ್ತೆ ಅದೇ. ನನಗೆ ಗೊತ್ತಿಲ್ಲದ ಹಾಗೆ ನನ್ನ ಕುಂಚ ಕೆಂಪಿಗೂ ಕಪ್ಪಿಗೂ ಹೋಗಿ ಬರುತ್ತಿತ್ತು. ಅಷ್ಟೇ ಅಲ್ಲ, ಬಿಗಿದ ತುಟಿಗಳು ಚಿತ್ರದಲ್ಲಿ ಬಿಚ್ಚಿಕೊಂಡವು. ಕೆನ್ನೆ ಮೇಲಕ್ಕೇರಿತು. ಕಣ್ಣಿನ ಕೊನೆಯಲ್ಲಿ ನೆರಿಗೆ ಬಿತ್ತು. ಸಂಜೆಯ ಹೊತ್ತಿಗೆ ಸಾಲು ಹಲ್ಲು ತೋರಿಸಿ ನಗುವ ಒಬ್ಬ ಮನುಷ್ಯ ನನ್ನನ್ನು ನೋಡುತ್ತಿದ್ದ. ನನ್ನೆದುರಿಗೆ ಕುರ್ಚಿಯಲ್ಲಿ ಕೂತವರು ಗಂಟುಮುಖ ಹಾಕಿಕೊಂಡೇ ಇದ್ದರು.

ಆಗ ನನಗೆ ಭಯವೇನೂ ಆಗಲಿಲ್ಲ. ಗೊತ್ತಿರುವ ದಾರಿಯಲ್ಲಿ ಕಾಲು ತಾವಾಗಿಯೇ ನಡೆಯುತ್ತವಲ್ಲ, ಹಾಗೆ ಕೈ ನಡೆಯುತ್ತಿತ್ತು. ಮೈಯೆಲ್ಲ ಹಗುರವಾಗಿ, ಎಲ್ಲೋ ಬಯಲಿನಲ್ಲಿ ಗಾಳಿಗೆ ಕೂತ ಹಾಗೆ ಅನಿಸುತ್ತಿತ್ತು. ಬಸ್ಸಿನಲ್ಲಿ ಇಳಕಲ್ಲಿಗೆ ವಾಪಸಾಗುವಾಗ ಮಾತ್ರ, ಇದೇನು ಮಾಡಿಟ್ಟೆ ಎಂದು ಚಿಂತೆಯಾಗುತ್ತಿತ್ತು.

ಮೂರನೆಯ ಭಾನುವಾರ ಎಲ್ಲ ಸರಿಮಾಡುತ್ತೇನೆಂದು ಗಟ್ಟಿ ಮನಸ್ಸು ಮಾಡಿ ಹೋದೆ. ಅಂದು ಎಡಹುಬ್ಬಿನ ನಡುವೆ ಒಂದು ತಿಳಿಗೆರೆ ಬಿತ್ತು. ಹುಬ್ಬನ್ನು ಎರಡು ತುಂಡು ಮಾಡಿದ ಹಳೆಯ ಗಾಯದ ಹಾಗೆ. ರೇವಣಪ್ಪನವರ ಹುಬ್ಬು ನೋಡಿದರೆ ಕಂಬಳಿಯ ಅಂಚಿನಷ್ಟು ದಟ್ಟವಾಗಿ ಇಡಿಯಾಗಿತ್ತು. ಕೆರೆದು ತೆಗೆಯಲು ಚಾಕು ಎತ್ತಿದವನು ಹಾಗೆಯೇ ಇಳಿಸಿದೆ. ಯಾಕೆಂದು ಹೇಳುತ್ತೇನೆ. ಅದುವರೆಗೆ ನಾನು ಬರೆದ ಮುಖಗಳಲ್ಲೆಲ್ಲ ಇಷ್ಟು ಜೀವ ಇದ್ದ ಮುಖ ಒಂದೂ ಇರಲಿಲ್ಲ. ಅದನ್ನು ಅಳಿಸಲು ಕೈ ಬರಲಿಲ್ಲ. ಬೇರೆ ಕ್ಯಾನ್ವಾಸು ತಂದು ರೇವಣಪ್ಪನವರನ್ನು ಹೊಸದಾಗಿ ಬರೆದುಕೊಟ್ಟರಾಯಿತು, ಇದನ್ನು ನಾನೇ ಇಟ್ಟುಕೊಂಡರಾಯಿತು ಎಂದುಕೊಂಡೆ.

ನಾಲ್ಕನೆಯ ಭಾನುವಾರ ಚಿತ್ರದ ತುಟಿಯ ನೆರಳನ್ನಷ್ಟೇ ಸ್ವಲ್ಪ ತಿದ್ದೋಣವೆಂದು ಕುಂಚವನ್ನು ಕೆಂಪು ಬೆರೆಸಿದ ಕಪ್ಪಿನಲ್ಲಿ ಅದ್ದಿದೆ. ಅದು ಹೋಗಿ ಹಲ್ಲಿನ ಮೇಲೆ ಕೂತಿತು. ಮೇಲಿನ ಸಾಲಿನ ಮುಂದಿನ ಹಲ್ಲು ಓರೆಯಾಗಿ ಅರ್ಧ ಮುರಿದ ಹಾಗೆ ಕಂಡಿತು. ಕೈ ಜಾರಿತೆಂದುಕೊಂಡು ಬಟ್ಟೆಯಲ್ಲಿ ಒರೆಸಿ, ಬಿಳಿಯಿಂದ ಹಲ್ಲು ಪೂರ್ತಿ ಮಾಡಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ನಾನೇ ಮತ್ತೆ ಅದೇ ಹಲ್ಲನ್ನು ಮುರಿದಿದ್ದೆ. ಎರಡು ವಾರದ ಹಿಂದೆ ನಾನೇ ನೆಟ್ಟಗೆ ಬರೆದ ಹಲ್ಲು ಅದು! ನನಗೇ ನಗು ಬಂತು.

ಅಷ್ಟರಲ್ಲಿ ಚಹಾ ತಂದ ಲಕ್ಕವ್ವ, "ಏನ್ ಮಾಸ್ತರ, ನಮ್ಮ ಮನ್ಯಾರ ಮಾರಿ ನೋಡಿ ನಗಾಕತ್ತೀರೇನು?" ಎನ್ನುತ್ತ, ನಾನು ತಡೆಯುವ ಮೊದಲೇ ನನ್ನ ಹಿಂದೆ ಬಂದು ನಿಂತಳು. ಚಹಾದ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬಾಯಿಗೆ ಸೆರಗು ಹಿಡಿದಳು.

"ಅಯ್ಯ ಶಿವನ! ಮಾಳ್ಯಾ!"

ನಾನು ಕ್ಷಮೆ ಕೇಳಲು ಬಾಯಿ ತೆರೆದಿದ್ದೆ. ಆಕೆಗೆ ಅದು ಕೇಳಿಸಲಿಲ್ಲ. "ಇಲ್ಲಿ ಬರ್ರಿ ಲಗೂನ, ನಿಮ್ಮ ತಮ್ಮನ್ನ ನೋಡ್ರಿ. ಹುಬ್ಬ ನೋಡ್ರಿ! ಟಗರ ಹಾಯ್ದಾಗ ನಾನ ಅರಿಷಿಣ ಒತ್ತಿದ್ದೆ" ಎಂದು ಗಂಡನನ್ನು ಕರೆದಳು.

ರೇವಣಪ್ಪನವರು ಎದ್ದು ಬಂದು ಚಿತ್ರದ ಮುಂದೆ ನಿಂತರು. ಚಿತ್ರದಿಂದ ಕಣ್ಣು ಕೀಳದೆ ಕೇಳಿದರು, "ಎಲ್ಲಿ ನೋಡೀರಿ ಇವನ್ನ?"

ಎಲ್ಲೂ ನೋಡಿಲ್ಲ ಎಂದೆ. ಅವರು ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

ಲಕ್ಕವ್ವ ಹೇಳಿದ ಮೇಲೆಯೇ ನನಗೆ ವಿಷಯ ತಿಳಿದದ್ದು. ರೇವಣಪ್ಪನವರಿಗೆ ಮಾಳಪ್ಪ ಎಂಬ ತಮ್ಮನಿದ್ದ. ಲಕ್ಕವ್ವ ಸೊಸೆಯಾಗಿ ಬಂದಾಗ ಇನ್ನೂ ಚಿಕ್ಕ ಹುಡುಗ, ಅತ್ತಿಗೆಯ ಕೈಯಲ್ಲೇ ಬೆಳೆದವನು. ಮೀಸೆ ಮೂಡುವ ವಯಸ್ಸಿನಲ್ಲಿ ಅವನೊಂದು ಟಗರು ಸಾಕಿದ್ದ. ಅದು ಅವನ ಜೀವ. ಅವನು ಊರಲ್ಲಿ ಇಲ್ಲದಾಗ ಅಣ್ಣ ಆ ಟಗರನ್ನು ಮಾರಿಬಿಟ್ಟರು. ದೊಡ್ಡ ಜಗಳವಾಯಿತು. ಸಿಟ್ಟಿನಲ್ಲಿ ಅಣ್ಣ, "ಇನ್ನ ನಿನ್ನ ಮಾರಿ ನನಗ ತೋರಸಬ್ಯಾಡ" ಎಂದರು. ತಮ್ಮ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೊರಟುಹೋದ. ಎರಡು ದಿನಕ್ಕೆ ಬಂದಾನು ಎಂದುಕೊಂಡರು. ಮೂವತ್ತು ವರ್ಷದ ಮೇಲಾಯಿತು, ಬರಲಿಲ್ಲ. ಸೊಲ್ಲಾಪುರದ ಕಡೆ ಹೋದನೆಂದು ಒಬ್ಬರು ಹೇಳಿದರೆ, ಸತ್ತನೆಂದು ಇನ್ನೊಬ್ಬರು ಹೇಳಿದರು. ಅವನದೊಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ಅವನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ರೇವಣಪ್ಪನವರು ನಗುತ್ತಲೂ ಇರಲಿಲ್ಲ.

ಈಗ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಮಾಸ್ತರ, ಇಷ್ಟ ವಯಸ್ಸಾದ ಮಾಳಪ್ಪನ ಮಾರಿ ನಿಮಗ ಹ್ಯಾಂಗ ಗೊತ್ತಾತು? ಹೇಳಬ್ಯಾಡ ಅಂತ ಆಣಿ ಹಾಕ್ಯಾನೇನು? ನಾ ತಪ್ಪು ಮಾಡೇನಿ, ಒಪ್ಕೋತೇನಿ. ಎಲ್ಲಿದಾನ ಅಷ್ಟ ಹೇಳ್ರಿ."

ಅಂಥ ಮನುಷ್ಯರು ಕಣ್ಣಲ್ಲಿ ನೀರು ತಂದುಕೊಂಡು ಕೇಳುವಾಗ ಗೊತ್ತಿಲ್ಲ ಎನ್ನುವುದು ಎಷ್ಟು ಕಷ್ಟ! ಬೀರಪ್ಪನ ಮೇಲೆ ಆಣೆ ಮಾಡಿ ಹೇಳಿದೆ. ಆಗ ಸ್ವಲ್ಪ ನಂಬಿದ ಹಾಗೆ ಕಂಡರು. ಬದುಕಿದ್ದರೆ ಕುರಿಯ ಹಿಂದೆಯೇ ಇರುತ್ತಾನೆ, ಕುರಿಗಾರರು ಸೇರುವ ಕಡೆ ಹೋಗಿ ಈ ಚಿತ್ರ ತೋರಿಸಿ ಕೇಳೋಣ ಎಂದು ಅವರೇ ಹೇಳಿದರು. ನಾನೂ ಜೊತೆಗೆ ಬರುತ್ತೇನೆಂದೆ. ಕುತೂಹಲ ನನಗೂ ಕಡಿಮೆಯಿರಲಿಲ್ಲ.

ಆ ವಾರವೇ ಕೆರೂರಿನ ಸಂತೆಯ ದಿನ ಶಾಲೆಗೆ ರಜೆ ಹಾಕಿ ಹೊರಟೆ. ಎಣ್ಣೆಬಣ್ಣ ಒಣಗಲು ಬಹಳ ದಿನ ಬೇಕು. ಹಸಿ ಚಿತ್ರವನ್ನು ಸುತ್ತಲು ಬರುವುದಿಲ್ಲ, ಮುಚ್ಚಲು ಬರುವುದಿಲ್ಲ. ಹೀಗಾಗಿ ನಾವಿಬ್ಬರೂ ಆಚೆ ಈಚೆ ಅಂಚು ಹಿಡಿದುಕೊಂಡು ಅದನ್ನು ತೆರೆದ ಹಾಗೆಯೇ ಬಸ್ಸಿಗೆ ಹತ್ತಿಸಬೇಕಾಯಿತು. ಮುಂದಿನ ಸೀಟಿನಲ್ಲಿ ನಿಲ್ಲಿಸಿಕೊಂಡು ಕೂತೆವು. ಮುರುಕು ಹಲ್ಲಿನ ಆ ಮನುಷ್ಯ ಇಡೀ ಬಸ್ಸಿನ ಕಡೆ ಮುಖ ಮಾಡಿ ನಗುತ್ತಿದ್ದ. ಹತ್ತಿದವರೆಲ್ಲ ಮೊದಲು ಅವನನ್ನು ನೋಡಿ, ತಾವೂ ನಕ್ಕು, ಆಮೇಲೆ ಸೀಟು ಹುಡುಕುತ್ತಿದ್ದರು. ಒಬ್ಬ ಮುದುಕಿಯಂತೂ ಅವನಿಗೆ ಶರಣು ಹೇಳಿಯೇ ಮುಂದೆ ಹೋದಳು.

ಕಂಡಕ್ಟರ್ ಬಂದು, "ಈ ಯಜಮಾನ್ರಿಗೂ ಟಿಕೆಟ್ ಹರಿಬೇಕೇನ್ರಿ?" ಎಂದ.

ಅಮೀನಗಡದಲ್ಲಿ ಇಳಿದು ಗುರುತಿನ ಕುರಿ ವ್ಯಾಪಾರಿಗಳಿಗೆ ತೋರಿಸಿದೆವು. ಚಿತ್ರ ಚೆನ್ನಾಗಿದೆ ಎಂದರೇ ಹೊರತು ಯಾರಿಗೂ ಗುರುತು ಹತ್ತಲಿಲ್ಲ. ಬಾಗಲಕೋಟೆಯಲ್ಲಿ ಬಸ್ಸು ಬದಲಿಸುವಾಗಲೂ ಒಂದಿಬ್ಬರನ್ನು ಕೇಳಿದೆವು. ಕೆರೂರು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಸಂತೆಯ ಒಂದು ಮೂಲೆಯಲ್ಲಿ ಮೌಲಾಸಾಬ ಎಂಬ ವಯಸ್ಸಾದವರೊಬ್ಬರು ಉಣ್ಣೆ ಕತ್ತರಿಸುವ ಕತ್ತರಿಗಳಿಗೆ ಸಾಣೆ ಹಿಡಿಯುತ್ತಿದ್ದರು. ಕುರಿಗಾರರೆಲ್ಲ ಬರುವ ಜಾಗವೆಂದು ನಾವು ಅಲ್ಲಿಗೆ ಹೋದೆವು. ಮೌಲಾಸಾಬರು ತಲೆ ಎತ್ತಿ ಚಿತ್ರ ನೋಡಿದವರೇ ಸಾಣೆ ನಿಲ್ಲಿಸಿದರು.

"ಅರೆ! ಇಂವ ನಮ್ಮ ಮಾಳಣ್ಣ! ಎಷ್ಟ ಬರೋಬ್ಬರಿ ತಗದೀರಿ! ಮುರದ ಹಲ್ಲ ಸುದ್ದಾ ಬಿಟ್ಟಿಲ್ಲಲ್ರಿ!"

ರೇವಣಪ್ಪನವರು ಅಲ್ಲೇ ಇದ್ದ ಮೂಟೆಯೊಂದರ ಮೇಲೆ ಕುಸಿದು ಕೂತರು. ನಾನು ಮೆಲ್ಲಗೆ ಕೇಳಿದೆ, "ಹಲ್ಲು ಯಾವಾಗ ಮುರೀತ್ರಿ?"

"ಹ್ವಾದ ಸಂತ್ಯಾಗ ಇಲ್ಲೇ, ನನ್ನ ಮುಂದನ. ಹಲ್ಲಿಲೆ ಕಬ್ಬು ಸಿಗ್ಯಾಕ ಹೋಗಿ ಮುರಕೊಂಡ. ಮುರಕೊಂಡು ಮ್ಯಾಲ ನಗ್ತಾನ!"

ಹೋದ ಸಂತೆ ಎಂದರೆ ನನ್ನ ಮೂರನೆಯ ಭಾನುವಾರಕ್ಕೂ ನಾಲ್ಕನೆಯ ಭಾನುವಾರಕ್ಕೂ ನಡುವಿನ ದಿನ. ಆ ಹಲ್ಲು ಇದ್ದಾಗ ಇಡಿಯಾಗಿ ಬರೆದಿದ್ದೆ, ಮುರಿದ ಮೇಲೆ ಮುರಿದಿದ್ದೆ. ನಡು ಮಧ್ಯಾಹ್ನ, ಸುತ್ತಲೂ ಸಂತೆಯ ಗದ್ದಲ, ಆದರೂ ನನ್ನ ಬೆನ್ನಿಗೆ ಛಳಿ ಹತ್ತಿತು. ನನಗೆ ಭಯವಾದದ್ದು ಆ ಎಲ್ಲ ದಿನಗಳಲ್ಲಿ ಅದೊಂದೇ ಸಲ.

ಮೌಲಾಸಾಬರು ಸಾಣೆಕಲ್ಲನ್ನು ಪಕ್ಕದವರಿಗೆ ಒಪ್ಪಿಸಿ ತಾವೇ ದಾರಿ ತೋರಿಸಲು ಬಂದರು. ಮಾಳಪ್ಪ ಸೊಲ್ಲಾಪುರದ ಕಡೆ ಬಹಳ ವರ್ಷ ಇದ್ದು, ಈಚೆಗೆ ಹೆಂಡತಿಯ ಊರಿಗೆ ಬಂದು ನೆಲೆಸಿದ್ದಾನೆಂದು ದಾರಿಯಲ್ಲಿ ತಿಳಿಯಿತು. ಕೆರೂರಿನಿಂದ ನಡೆದು ಹೋಗುವಷ್ಟು ದೂರದ ಹಳ್ಳಿ. ಊರು ಕಾಣಿಸಿದಾಗ ರೇವಣಪ್ಪನವರು ನಿಂತು, "ಮಾಸ್ತರ, ಹೊರಗ ಹೋಗು ಅಂದ್ರ?" ಎಂದು ನನ್ನನ್ನು ಕೇಳಿದರು. ನಾನು ಚಿತ್ರದ ಮುಖ ತೋರಿಸಿದೆ. ಆ ಮುಖದವನು ಯಾರನ್ನೂ ಹೊರಗೆ ಹೋಗು ಎನ್ನುವ ಹಾಗೆ ಕಾಣುತ್ತಿರಲಿಲ್ಲ.

ಹಟ್ಟಿಯ ಮುಂದೆ ಬೇವಿನ ಮರದ ಬುಡದಲ್ಲಿ ಒಬ್ಬ ಮನುಷ್ಯ ಕೂತು ಹಗ್ಗ ಹೊಸೆಯುತ್ತಿದ್ದ. ಬಿಸಿಲಿಗೆ ಸುಟ್ಟ ಕೆಂಗಪ್ಪು ಮುಖ. ಎಡಹುಬ್ಬು ಎರಡು ತುಂಡು. ನಾನು ಕೈಯಲ್ಲಿದ್ದ ಚಿತ್ರ ನೋಡಿದೆ, ಅವನನ್ನು ನೋಡಿದೆ. ಆ ಮುಖದ ಬಣ್ಣವನ್ನು ನಾನು ಇನ್ನೊಮ್ಮೆ ಕಲಸಬೇಕಾಗಿರಲಿಲ್ಲ, ನನ್ನ ಕ್ಯಾನ್ವಾಸಿನ ಮೇಲೆ ಅದು ಆಗಲೇ ಇತ್ತು.

ಅಣ್ಣ ತಮ್ಮ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಮಾಳಪ್ಪ ಚಿತ್ರದ ಹತ್ತಿರ ಬಂದ, ಬಗ್ಗಿ ನೋಡಿದ, ತನ್ನ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡ. ಆಮೇಲೆ ಅಣ್ಣನ ಕಡೆ ತಿರುಗಿ ಹೇಳಿದ:

"ಅಣ್ಣಾ, ಮಾರಿ ತೋರಸಬ್ಯಾಡ ಅಂದಿದ್ದಿ. ನಾ ತೋರಿಸಿಲ್ಲಪ. ಈ ಮಾಸ್ತರ ತೋರಿಸ್ಯಾರ."

ರೇವಣಪ್ಪನವರು ನಕ್ಕುಬಿಟ್ಟರು. ಅಳುತ್ತಲೇ ನಕ್ಕರು. ತಮ್ಮನನ್ನು ಎದೆಗೆ ಎಳೆದುಕೊಂಡರು, ಒಂದು ಗುದ್ದು ಹಾಕಿದರು, ಮತ್ತೆ ಎಳೆದುಕೊಂಡರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಕ್ಕಾಗ ಅವರು ತಮ್ಮನ ಹಾಗೆಯೇ ಕಾಣುತ್ತಿದ್ದರು. ಸರಿ, ಇಷ್ಟೇ, ಇವರ ಮುಖದಲ್ಲಿ ಅಡಗಿದ್ದ ನಗುವನ್ನೇ ನನ್ನ ಕಣ್ಣು ಹಿಡಿದಿತ್ತು ಎಂದು ನನ್ನೊಳಗಿನ ಡ್ರಾಯಿಂಗ್ ಮಾಸ್ತರ ಸಮಾಧಾನ ಮಾಡಿಕೊಳ್ಳಲು ನೋಡಿದ. ಹುಬ್ಬು ಮತ್ತು ಹಲ್ಲಿನ ವಿಷಯಕ್ಕೆ ಬಂದಾಗ ಅವನೂ ಸುಮ್ಮನಾದ.

ರೊಟ್ಟಿ ತಿನ್ನುತ್ತ ಕೂತಾಗ ಮಾಳಪ್ಪನ ಹೆಂಡತಿ ದ್ಯಾಮವ್ವ ಚಿತ್ರವನ್ನು ಯಾವಾಗ ಬರೆದದ್ದೆಂದು ಕೇಳಿದಳು. ನಾಲ್ಕು ಭಾನುವಾರ, ಮಧ್ಯಾಹ್ನದ ಹೊತ್ತು ಎಂದೆ. ಆಕೆ ಗಂಡನ ಮುಖ ನೋಡಿದಳು.

"ಕೇಳಿದ್ರ್ಯಾ? ಐತ್ವಾರ!" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಈ ಒಂದು ತಿಂಗಳ ಐತ್ವಾರ ಬಂತಂದ್ರ ಇವರಿಗಿ ಏನೋ ಆಗ್ತಿತ್ರಿ. ಮಧ್ಯಾಹ್ನ ಆ ಮರದ ಬುಡಕ ಹೋಗಿ ಕುಂತ್ರ ಕುಂತಬಿಟ್ರ. ಕರದ್ರ ಓ ಅನ್ನಂಗಿಲ್ಲ, ಕುರಿ ಹೊಲಕ್ಕ ಹೊಕ್ರೂ ಏಳಂಗಿಲ್ಲ. ನೆಟ್ಟಗ ಕುಂತು ತಮ್ಮಷ್ಟಕ್ಕ ತಾವ ನಗೂದು. ನಾ ದೇವರ ಕೇಳಸಾಕ ಹ್ವಾದ್ನಿರಿ" ಎಂದಳು.

ಮಾಳಪ್ಪ ಸಂಕೋಚದಿಂದ ತಲೆ ಕೆರೆದುಕೊಂಡ. "ಯಾರೋ ಕಿವ್ಯಾಗ ಹೇಳಿದಂಗ ಆಕ್ಕಿತ್ರಿ ಮಾಸ್ತರ. ತಲಿ ಅಲಗಾಡಸಬ್ಯಾಡ್ರಿ, ಗದ್ದ ಎಡಕ್ಕ ತಗೋರಿ, ಇನ್ನ ಸ್ವಲ್ಪ ಕುಂದರ್ರಿ, ಹಿಂಗ. ನನಗ ಹುಟ್ಟಿದಾಗಿಂದ ಯಾರೂ ಅಷ್ಟ ಮರ್ಯಾದಿ ಕೊಟ್ಟ ಮಾತಾಡಿಲ್ರಿ. ಇದೆಂಥಾ ದೆವ್ವಪಾ, ರೀ ಹಚ್ಚಿ ಮಾತಾಡತೈತಿ ಅಂತ ನಗು ಬರತಿತ್ತು. ಮತ್ತ ಅಗಸಿ ಎಣ್ಣಿ ವಾಸನಿ ಬಡೀತಿತ್ತು."

ನಾನು ಬಣ್ಣಕ್ಕೆ ಬೆರೆಸುವುದು ಅಗಸೆ ಎಣ್ಣೆಯನ್ನೇ. ಚಿತ್ರ ಹಸಿಯಿದ್ದುದರಿಂದ ಅದರ ವಾಸನೆ ಅಲ್ಲಿ ಬಂದು ಅವನಿಗೆ ಹಾಗೆ ನೆನಪಾಗಿರಬಹುದು, ಒಪ್ಪುತ್ತೇನೆ. ಆದರೆ ನಾನು ರೇವಣಪ್ಪನವರಿಗೆ ಹೇಳಿದ ಮಾತುಗಳನ್ನು ಆ ಹಟ್ಟಿಯಲ್ಲಿ ಯಾರೂ ಎತ್ತಿರಲಿಲ್ಲ. ರೇವಣಪ್ಪನವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದರು. ಮೌಲಾಸಾಬರು ಮಾತ್ರ ಏನೂ ಆಗದವರ ಹಾಗೆ, "ಹಂಗಾರ ಕಬ್ಬು ತಿನ್ನಬ್ಯಾಡ ಅಂತ ಒಂದು ಮಾತು ಹೇಳಬೇಕಿತ್ತಲ್ರಿ ಮಾಸ್ತರ, ಹಲ್ಲರ ಉಳೀತಿತ್ತು" ಎಂದರು. ಎಲ್ಲರೂ ಗೊಳ್ಳೆಂದು ನಕ್ಕೆವು.

ಆಮೇಲಿನದು ಸಂತೋಷದ ಸುದ್ದಿ. ಮಾಳಪ್ಪ ಹೆಂಡತಿ ಮಕ್ಕಳೊಂದಿಗೆ ಹುನಗುಂದಕ್ಕೆ ಬಂದ. ಲಕ್ಕವ್ವ ಐವತ್ತು ದಾಟಿದ ಆ ಮೈದುನನ ತಲೆಗೆ ಎಣ್ಣೆ ಹಚ್ಚಿ ಬಾಚಿದಳಂತೆ. ಅಣ್ಣ ಒಂದು ಟಗರು ಕೊಡಿಸಿದರು. ನಾನು ರೇವಣಪ್ಪನವರನ್ನು ಹೊಸ ಕ್ಯಾನ್ವಾಸಿನ ಮೇಲೆ ಮತ್ತೆ ಬರೆದೆ. ಅವೇ ನಾಲ್ಕು ಬಣ್ಣ. ಈ ಸಲ ಗೋದಿಯ ಮೈಬಣ್ಣ ಒಂದೇ ಸಲಕ್ಕೆ ಬಂತು. ಇಡಿಯ ಹುಬ್ಬು, ಇಡಿಯ ಹಲ್ಲು, ಸ್ವಲ್ಪ ನಗು ಕೂಡ. ಮಗ ಎರಡೂ ಚಿತ್ರಗಳನ್ನು ಹೊಸ ಅಂಗಡಿಯಲ್ಲಿ ಅಕ್ಕಪಕ್ಕ ತೂಗುಹಾಕಿದ.

ಲಕ್ಕವ್ವನಿಗೆ ಇದರಲ್ಲಿ ಗೊಂದಲವೇ ಇರಲಿಲ್ಲ. ನಾಲ್ಕು ಬಣ್ಣ ಮಾಸ್ತರದು, ಐದನೆಯದು ನಮ್ಮ ಬೀರಪ್ಪನದು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅದನ್ನೂ ನಾನು ಪರೀಕ್ಷೆ ಮಾಡದೆ ಬಿಡಲಿಲ್ಲ. ಬೇರೆ ಚಿತ್ರಗಳಿಗೆ ಭಂಡಾರ ಬೆರೆಸಿ ನೋಡಿದೆ. ಹಳದಿ ಸ್ವಲ್ಪ ಮಂಕಾಯಿತೇ ಹೊರತು ಮತ್ತೇನೂ ಆಗಲಿಲ್ಲ. ನನ್ನ ಗುರುಗಳ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, ಕೊನೆಗೆ, ಮುರಿದ ಹಲ್ಲಿಗೆ ಬರೀ ಕಪ್ಪು ಹಾಕಿದೆಯೋ, ಕೆಂಪು ಬೆರೆಸಿದೆಯೋ ಎಂದು ಕೇಳಿದರು. ಬೆರೆಸಿದೆ ಎಂದೆ. ಸರಿ ಮಾಡಿದೆ ಎಂದರು. ಅಷ್ಟೇ.

ಮರುವರ್ಷ ಮಾಳಪ್ಪ ತನ್ನ ಮನೆಗೂ ಒಂದು ಚಿತ್ರ ಬೇಕೆಂದು ಹೇಳಿಕಳಿಸಿದ. ನಾನು ಖುಷಿಯಿಂದ ಹೋದೆ. ಕಾಣದೆ ಬರೆದವನನ್ನು ಕಂಡು ಬರೆಯುವುದು ಎಷ್ಟರ ಕೆಲಸ? ಬೇವಿನ ಮರದ ಬುಡದಲ್ಲಿ ಅವನನ್ನು ಕೂಡಿಸಿ, ಅದೇ ಬಣ್ಣ ಕಲಸಿ ಬರೆಯತೊಡಗಿದೆ. ಕಲ್ಲಿನ ಹಾಗೆ ಅಲುಗಾಡದೆ ಕೂತ. ಆದರೆ ಆ ಮುಖ ನನ್ನ ಕೈಗೆ ಸಿಗಲೇ ಇಲ್ಲ. ಕಣ್ಣು ಸರಿಯಾದರೆ ಬಾಯಿ ಬೇರೆಯವರದು, ಬಾಯಿ ಸರಿಯಾದರೆ ಜೀವವಿಲ್ಲ. ಕೆರೆದು ಬರೆದೆ, ಮತ್ತೆ ಕೆರೆದು ಬರೆದೆ. ಸಂಜೆಯಾಯಿತು. ಮರುದಿನವೂ ಹಾಗೆಯೇ ಆಯಿತು. ನನ್ನ ಪಾಡು ನೋಡಲಾರದೆ ಮಾಳಪ್ಪ ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟ.

"ಬಿಡ್ರಿ ಮಾಸ್ತರ, ಹಿಂಗ ಆಗಂಗಿಲ್ಲ. ನೀವು ಹುನಗುಂದಕ್ಕ ಹೋಗಿ ಬರೀರಿ. ನಾ ಇಲ್ಲೇ ಕುಂತಿರ್ತೇನಿ" ಎಂದ.

ಅವನು ನಗಿಸಲು ಹೇಳಿದನೋ, ನಿಜವಾಗಿ ಹೇಳಿದನೋ ತಿಳಿಯಲಿಲ್ಲ. ನಾನೂ ನಕ್ಕು ಬಣ್ಣದ ಪೆಟ್ಟಿಗೆ ಮುಚ್ಚಿದೆ. ಹುನಗುಂದಕ್ಕೆ ಹೋಗಿ ಬರೆಯುವ ಧೈರ್ಯ ಮಾತ್ರ ಆಗಲಿಲ್ಲ. ಹೋಗಿ ಏನೂ ಬರದಿದ್ದರೆ ಒಂದು ರೀತಿಯ ಭಯ, ಬಂದುಬಿಟ್ಟರೆ ಇನ್ನೊಂದು ರೀತಿಯದು. ಹೋಗಬೇಕಿತ್ತೇನೋ ಎಂದು ಈಗಲೂ ಕೆಲವು ಭಾನುವಾರ ಮಧ್ಯಾಹ್ನ ಅನಿಸುವುದುಂಟು.